ಮಾಮಾನ ಸ್ಪೇಸ್‌ಬಾರ್

ಪಾರ್ಶ್ವವಾಯು ಹೊಡೆದ ಮೇಲೆ ನನ್ನ ಸೋದರಮಾವನ ಬಾಯಲ್ಲಿ ಉಳಿದದ್ದು ಒಂದೇ ಮಾತು: "ಆಯ್ತು." ಊಟ ಬೇಕೇ ಎಂದರೆ ಆಯ್ತು, ಬೇಡವೇ ಎಂದರೆ ಆಯ್ತು, ಫ್ಯಾನು ಹಾಕಲೇ ಎಂದರೂ ಆರಿಸಲೇ ಎಂದರೂ ಆಯ್ತು. ನಾಸಿಕದ ಹತ್ತಿರ ಓಝರ್ ಕಡೆಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಇಡೀ ನೌಕರಿ ಕಳೆದು, ಜನ ತಂದಿಟ್ಟದ್ದರಲ್ಲಿ ಅರ್ಧವನ್ನು ಆಗುವುದಿಲ್ಲ ಎಂದು ವಾಪಸ್ ಕಳಿಸಿ ನಿವೃತ್ತರಾದ ಮನುಷ್ಯ. ಆ ಮಾತನ್ನು ಅವರು ಅದಕ್ಕೂ ಮೊದಲು ಆಡಿದ್ದು ನನಗೆ ನೆನಪಿಲ್ಲ. ಮಾಮಿಗೂ ನೆನಪಿರಲಿಲ್ಲ. "ಇಷ್ಟು ದಿನ ಎಲ್ಲಿ ಇಟ್ಟಿದ್ರೋ ಏನೋ," ಎಂದರು.

ತಲೆಯೂ ಹಾಗೆಯೇ ಆಗಿತ್ತು. ಏನು ಕೇಳಿದರೂ ಹೌದೆಂಬಂತೆ ಆಡುತ್ತಿತ್ತು. ಅವರಿಗೆ ಎಲ್ಲ ತಿಳಿಯುತ್ತದೆ, ಹೊರಗೆ ಬರುವ ದಾರಿ ಮಾತ್ರ ಕೆಟ್ಟಿದೆ, ಹೂಂ ಎಂದರೆ ಹೂಂ ಎಂದು ನಂಬಬೇಡಿ ಎಂದು ಡಾಕ್ಟರು ಹೇಳಿದ್ದರು. ತಿಳಿಯುತ್ತದೆ ಎಂಬ ಮಾತನ್ನೂ ನಾನು ಸುಮ್ಮನೆ ಒಪ್ಪಲಿಲ್ಲ. ಒಂದು ದಿನ ಅವರ ಕೈಗೆ ಪೇಪರನ್ನು ತಲೆಕೆಳಗಾಗಿ ಕೊಟ್ಟೆ. ಅವರು ಪೇಪರನ್ನು ನೋಡಿ, ಆಮೇಲೆ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಎಡಗೈಯಲ್ಲಿ ಅದನ್ನು ನೇರ ಮಾಡಿಕೊಂಡು ಓದಿದರು. ಪ್ರಯೋಗ ಅಲ್ಲಿಗೆ ಮುಗಿಯಿತು.

ಬಲಗೈ, ಬಲಗಾಲು ಎರಡೂ ಹೋಗಿದ್ದವು. ಎಡಗೈಗೆ ಪಾಟಿ ಬಳಪ ಕೊಟ್ಟು ನೋಡಿದೆವು. ಗೆರೆ ಬಂತು, ಅಕ್ಷರ ಬರಲಿಲ್ಲ. ಎರಡು ರಟ್ಟಿನ ಮೇಲೆ ಹೌದು, ಅಲ್ಲ ಎಂದು ಬರೆದು ಮುಂದೆ ಹಿಡಿದೆವು. ನಡುಗುವ ಬೆರಳು ಎರಡರ ನಡುವೆ ಬೀಳುತ್ತಿತ್ತು. ಹೌದು ಬೇಕಾದವರು ಹೌದೆಂದು ಓದಿದರು, ಅಲ್ಲ ಬೇಕಾದವರು ಅಲ್ಲವೆಂದು ಓದಿದರು. ಹಾಗಾಗಿ ಮನೆಯಲ್ಲಿ ಅಭಿಪ್ರಾಯವಿಲ್ಲದ ಯಾರಾದರೂ ಬೇಕು ಎಂದು ನನಗೆ ಅನ್ನಿಸಿತು. ಅಂಥದ್ದು ಆ ಮನೆಯಲ್ಲಿ ಒಂದೇ ಇತ್ತು, ಮಾಮಾನ ಕಂಪ್ಯೂಟರ್.

ಇದು ಎರಡು ಸಾವಿರದ ನಾಲ್ಕರ ಮಾತೋ ಐದರದ್ದೋ. ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಮುಗಿಸಿ, ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು, ನಾಸಿಕದ ಬಳಿಯ ದಿಂಡೋರಿಯ ವೈನ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ದ್ರಾಕ್ಷಿ ರಸದ ಸಕ್ಕರೆ ಅಳೆಯುತ್ತಿದ್ದೆ. ಅದಕ್ಕೆ ಮೊದಲು ನಿಫಾಡ್‌ನಲ್ಲಿ ಪಾಠ ಹೇಳುತ್ತಿದ್ದೆ, ಅದಾದ ಮೇಲೆ ಇನ್ನೇನೋ ಮಾಡಿದೆ. ಒಂದು ಕೆಲಸದಲ್ಲಿ ಕುರ್ಚಿ ಬಿಸಿಯಾಗುವಷ್ಟು ಕೂತವನಲ್ಲ. ರಜೆಯ ದಿನ ನಾಸಿಕದಲ್ಲಿದ್ದ ಮಾಮಾನ ಮನೆಗೆ ಹೋಗುವುದು ಮಾತ್ರ ತಪ್ಪುತ್ತಿರಲಿಲ್ಲ. ಮಾಮಿ ಅಲ್ಲಿಯೂ ಜೋಳದ ರೊಟ್ಟಿ ಬಡಿಯುತ್ತಿದ್ದದ್ದು ಕಾರಣ ಇರಬಹುದು.

ಕಂಪ್ಯೂಟರ್ ಆಗಲೇ ಮುದಿಯಾಗಿತ್ತು. ಮುಚ್ಚಿಹೋದ ಕಂಪ್ಯೂಟರ್ ಕ್ಲಾಸೊಂದರಿಂದ ಮಾಮಾ ಎಂದೋ ತಂದಿದ್ದರು. ಹಾರ್ಡ್ ಡಿಸ್ಕ್ ಇಲ್ಲ, ಎರಡು ಫ್ಲಾಪಿ ಬಾಯಿಗಳು, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಹಸಿರಲ್ಲ, ಕೇಸರಿ ಎನ್ನುತ್ತಾಳೆ ಮಾಮಾನ ಮಗಳು. ಈ ವಿಷಯದಲ್ಲಿ ನಾನು ಅವಳನ್ನು ಒಪ್ಪುವುದಿಲ್ಲ, ಆದರೆ ಪಂದ್ಯ ಕಟ್ಟುವಷ್ಟು ಧೈರ್ಯವೂ ಇಲ್ಲ. ಝೆರಾಕ್ಸ್ ಮಾಡಿಸಿದ ಪುಸ್ತಕ ಇಟ್ಟುಕೊಂಡು ಮಾಮಾ ಅದರ ಮೇಲೆ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತಿದ್ದರು. ಕಾರ್ಖಾನೆಯ ಯಾವ ಕೊಳವೆ ಎಷ್ಟು ಕೂದಲೆಳೆ ಹೆಚ್ಚುಕಡಿಮೆಯಾದರೆ ನಡೆಯುತ್ತದೆ ಎಂಬ ಲೆಕ್ಕದ ಪ್ರೋಗ್ರಾಮುಗಳನ್ನು ಬರೆದಿದ್ದರು. ನನಗೆ ಪ್ಯಾಸ್ಕಲ್ ಬಂದದ್ದೂ ಆ ಝೆರಾಕ್ಸ್ ಪುಸ್ತಕದಿಂದಲೇ. ವಿಶ್ವವಿದ್ಯಾಲಯದಲ್ಲಿ ಕಲಿತೆ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ.

ಹೊಸ ಕಂಪ್ಯೂಟರ್ ಕೊಡಿಸುತ್ತೇನೆ ಎಂದು ಮಾಮಾನ ಮಗಳು ಹೇಳಿದ್ದಳು. ಅವಳು ನನಗಿಂತ ದೊಡ್ಡವಳು, ಅಕ್ಕ ಎನ್ನುತ್ತೇನೆ. ಆಗ ಔರಂಗಾಬಾದ್ ಎನ್ನುತ್ತಿದ್ದ, ಈಗಿನ ಛತ್ರಪತಿ ಸಂಭಾಜಿನಗರದಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಹೊಸದು ಬೇಡ ಎಂದೆ. ಅದರಲ್ಲಿ ಯಾವ ಕೀ ತಗುಲಿದರೂ ಏನಾದರೊಂದು ತೆರೆದುಕೊಳ್ಳುತ್ತಿತ್ತು. ಹಳೆಯದು ಹಾಗಲ್ಲ. ನಾವು ಹೇಳದ ಹೊರತು ಅದು ಏನನ್ನೂ ಮಾಡುತ್ತಿರಲಿಲ್ಲ, ಹೇಳಿದರೂ ನಿಧಾನ.

ಪ್ಯಾಸ್ಕಲ್‌ನಲ್ಲಿ ಜನ ಸಾಮಾನ್ಯವಾಗಿ ಬಳಸುವ ಆಜ್ಞೆ, ಏನಾದರೂ ಟೈಪ್ ಮಾಡಿ ಎಂಟರ್ ಒತ್ತುವ ತನಕ ಕಾಯುತ್ತದೆ. ಎರಡು ಕೀ ಒತ್ತಬೇಕು, ಅದೂ ಸರಿಯಾದ ಕ್ರಮದಲ್ಲಿ. ಮಾಮಾನಿಗೆ ಅದು ಸಾಧ್ಯವಿರಲಿಲ್ಲ. ಇನ್ನೊಂದು ಆಜ್ಞೆ ಇದೆ, ರೀಡ್‌ಕೀ ಎಂದು. ಅದು ಎಂಟರ್‌ಗೆ ಕಾಯುವುದಿಲ್ಲ. ಒಂದು ಕೀ ಬಿತ್ತೋ, ಎತ್ತಿಕೊಂಡು ಹೊರಟೇಹೋಗುತ್ತದೆ. ಅದರ ಜೊತೆಗಾರ ಕೀಪ್ರೆಸ್ಡ್. ಅದು ಏನನ್ನೂ ತೆಗೆದುಕೊಳ್ಳುವುದಿಲ್ಲ, ಯಾವುದಾದರೂ ಕೀ ಬಂದು ಕೂತಿದೆಯೇ ಎಂದು ಬಾಗಿಲಲ್ಲಿ ಇಣುಕಿ ನೋಡುತ್ತದೆ, ಅಷ್ಟೆ. ಈ ಎರಡರಿಂದ ನಾನೊಂದು ಪ್ರೋಗ್ರಾಮ್ ಬರೆದೆ. ಪರದೆಯ ಮೇಲೆ ಸಾಲಾಗಿ ಪದಗಳು: ಚಹಾ, ನೀರು, ಪೇಪರ್, ಬಾತ್‌ರೂಮ್, ಟಿ.ವಿ. ಆರಿಸು. ಅದಕ್ಕೆ ಕನ್ನಡ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಎಲ್ಲ ಇಂಗ್ಲಿಷ್ ಲಿಪಿಯಲ್ಲಿ. ಒಂದು ಬಾಣದ ಗುರುತು ಪದದಿಂದ ಪದಕ್ಕೆ ಇಳಿಯುತ್ತಾ, ಕೊನೆ ಮುಟ್ಟಿದ ಮೇಲೆ ಮತ್ತೆ ಮೇಲಿನಿಂದ ಶುರು ಮಾಡುತ್ತಿತ್ತು. ಬೇಕಾದ ಪದದ ಮೇಲೆ ಬಾಣ ಬಂದಾಗ ಯಾವ ಕೀ ಒತ್ತಿದರೂ ಸಾಕು. ಆ ಪದ ಪರದೆಯ ತುಂಬ ದೊಡ್ಡದಾಗಿ ಮಿಂಚಿ, ಕೀಂ ಕೀಂ ಎಂದು ಸದ್ದಾಗಿ, ಅಡುಗೆಮನೆಯಲ್ಲಿದ್ದ ಮಾಮಿಯನ್ನು ಕರೆಯುತ್ತಿತ್ತು.

ಮೊದಲ ದಿನ ಮಾಮಾ ಚಹಾ ಕೇಳಿದರು. ಮಾಮಿ ಚಹಾ ತಂದರು. ಯಂತ್ರ ಮತ್ತೆ ಚಹಾ ಎಂದಿತು.

"ಇನ್ನೊಂದು ಕಪ್ ಬೇಕಂತ," ಎಂದೆ.

"ಒಂದನ್ನ ಇನ್ನೂ ಮುಟ್ಟಿಲ್ಲಲ್ಲೋ ಅವ್ರು!"

ಆ ಹಳೆಯ ಕೀಬೋರ್ಡಿನಲ್ಲಿ ಎಫ್ ಎಂದು ಶುರುವಾಗುವ ಕೀಗಳು ಮೇಲ್ಗಡೆ ಇರಲಿಲ್ಲ, ಎಡಗಡೆ ಎರಡು ಕಂಬಸಾಲಿನಲ್ಲಿದ್ದವು. ಮಾಮಾನ ಎಡಗೈ ಸೀದಾ ಅಲ್ಲಿಗೆ ಬೀಳುತ್ತಿತ್ತು. ಅಂಥ ಕೀ ಒಮ್ಮೆ ಒತ್ತಿದರೆ ರೀಡ್‌ಕೀಗೆ ಎರಡು ಸಂಕೇತ ಸಿಗುತ್ತವೆ, ಮೊದಲು ಒಂದು ಸೊನ್ನೆ, ಹಿಂದಿನಿಂದ ಇನ್ನೊಂದು. ನನ್ನ ಪ್ರೋಗ್ರಾಮ್ ಎರಡನ್ನೂ ಬೇರೆಬೇರೆ ಬೇಡಿಕೆಯಾಗಿ ದಾಖಲು ಮಾಡಿಕೊಂಡಿತ್ತು. ನಾನು ಇದನ್ನು ಮಾಮಿಗೆ ವಿವರಿಸಿದೆ. ಮಾಮಿ ಮಿಠಾಯಿ ಡಬ್ಬಿಯ ರಟ್ಟನ್ನು ಕೀಬೋರ್ಡಿನ ಅಳತೆಗೆ ಕತ್ತರಿಸಿ, ಸ್ಪೇಸ್‌ಬಾರ್ ಒಂದು ಮಾತ್ರ ಕಾಣುವಂತೆ ಹೊದಿಸಿದರು.

ಎರಡನೇ ತೊಂದರೆ ಮಾಮಾನ ಬೆರಳು. ಅದು ಇಳಿಯುತ್ತಿತ್ತು, ಏಳುತ್ತಿರಲಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಮರಾಠಿ ಹುಡುಗಿ ಹೊತ್ತಿಗೊಮ್ಮೆ "ಕಾಕಾ, ಬೋಟ ಉಚಲಾ" ಎಂದು ಕೂಗುತ್ತಿದ್ದಳು, ಬೆರಳು ಎತ್ತಿ ಎಂದು. ಕೀಯನ್ನು ಒತ್ತಿ ಹಿಡಿದರೆ ಕೀಬೋರ್ಡ್ ಅದೇ ಕೀಯನ್ನು ಮತ್ತೆ ಮತ್ತೆ ಕಳಿಸುತ್ತದೆ. ಪ್ರೋಗ್ರಾಮ್ ಬೇರೆ ಕೆಲಸದಲ್ಲಿದ್ದರೆ ಅವು ಕಳೆದುಹೋಗುವುದಿಲ್ಲ, ಒಂದು ಸಣ್ಣ ಸಾಲಿನಲ್ಲಿ ಹಿಂದೆ ಹಿಂದೆ ನಿಂತು ಕಾಯುತ್ತವೆ. ಹದಿನೈದರಷ್ಟು ನಿಲ್ಲಬಹುದು. ಚಹಾ ಎಂಬ ಪದ ಪರದೆಯ ಮೇಲೆ ಮಿಂಚುವಷ್ಟು ಹೊತ್ತೂ ಮಾಮಾನ ಬೆರಳು ಸ್ಪೇಸ್‌ಬಾರಿನ ಮೇಲೆಯೇ ಇರುತ್ತಿತ್ತು. ಮಿಂಚಿ ಮುಗಿದು ಬಾಣ ಮೊದಲ ಪದಕ್ಕೆ ಬಂದದ್ದೇ ತಡ, ಸಾಲಿನಲ್ಲಿ ನಿಂತದ್ದೆಲ್ಲ ಒಳಗೆ ನುಗ್ಗುತ್ತಿತ್ತು. ಮೊದಲ ಪದ ಚಹಾ. ಯಂತ್ರ ಚಹಾ, ಚಹಾ, ಚಹಾ ಎನ್ನುತ್ತಲೇ ಇರುತ್ತಿತ್ತು. ಮಾಮಾ ಅದನ್ನು ನೋಡುತ್ತಾ "ಆಯ್ತು" ಎನ್ನುತ್ತಿದ್ದರು.

ಸರಿಯಾದ ಪರಿಹಾರ ಎಂದರೆ ಪದ ಮಿಂಚಿ ಮುಗಿದ ಮೇಲೆ ಆ ಸಾಲನ್ನು ಖಾಲಿ ಮಾಡುವುದು. ನಾನು ಸುಲಭದ್ದನ್ನು ಮಾಡಿದೆ. ಪಟ್ಟಿಯ ಮೊದಲಿಗೆ "ಏನೂ ಬೇಡ" ಎಂದು ಸೇರಿಸಿದೆ. ಹೆಚ್ಚುವರಿ ಒತ್ತುಗಳೆಲ್ಲ ಅಲ್ಲಿ ಬಿದ್ದು ಸಾಯುತ್ತಿದ್ದವು. ಮಾಮಾ ಒಂದು ಚಹಾ ಕೇಳಿ, ಹಿಂದೆಯೇ ಹಲವು ಸಲ ಏನೂ ಬೇಡ ಎನ್ನುತ್ತಿದ್ದರು. ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಮನೆ ಒಂದು ಹದಕ್ಕೆ ಬಂತು. ಎಲ್ಲಕ್ಕಿಂತ ಹೆಚ್ಚು ಒತ್ತಿಸಿಕೊಂಡ ಪದ ಟಿ.ವಿ. ಆರಿಸು.

ಮಾಮಾನ ಒಂದು ಪದ್ಧತಿಯ ಬಗ್ಗೆ ಇಲ್ಲಿ ಹೇಳಬೇಕು. ಅವರ ವಿಭಾಗದಲ್ಲಿ ಒಬ್ಬ ತಪಾಸಣೆ ಮಾಡಿ ಪಾಸಾದ ಗುರುತಿನ ಸಿಕ್ಕಾ ಒತ್ತಿದ ತುಂಡನ್ನು ಅವನೇ ಎರಡನೇ ಸಲ ನೋಡುವಂತಿರಲಿಲ್ಲವಂತೆ. ಸಂಶಯ ಬಂದರೆ ಬೇರೆ ಕಣ್ಣು ನೋಡಬೇಕು. ಮೊದಲು ನೋಡಿದವನು ಎರಡನೇ ಸಲ ತಾನು ಮೊದಲು ಹೇಳಿದ್ದನ್ನೇ ನೋಡುತ್ತಾನೆ ಎಂಬುದು ಅದರ ಹಿಂದಿನ ತರ್ಕ. ಇದು ಕಾರ್ಖಾನೆಯ ನಿಯಮವೋ ಮಾಮಾ ತಮಗೇ ಮಾಡಿಕೊಂಡದ್ದೋ, ನಾನು ಯಾರನ್ನೂ ಕೇಳಿ ಖಚಿತ ಮಾಡಿಕೊಂಡಿಲ್ಲ. ಮನೆಯಲ್ಲಂತೂ ಅದು ಜಾರಿಯಲ್ಲಿತ್ತು. ಸಾರಿನ ರುಚಿ ನೋಡಿ ಒಮ್ಮೆ "ಪಾಸ್" ಎಂದರೆ ಮುಗಿಯಿತು. ಆಮೇಲೆ ಮಾಮಿ ಉಪ್ಪು ಹಾಕಿ ಮತ್ತೆ ಚಮಚ ಹಿಡಿದರೆ ಬಾಯಿ ತೆರೆಯುತ್ತಿರಲಿಲ್ಲ. "ನಾ ನೋಡಿದ್ದು, ಮತ್ತ ನಾನ ನೋಡಲೇನು? ನೀ ನೋಡು." ಮಗಳು ಮದುವೆಗೆ ಹುಡುಗನನ್ನು ತೋರಿಸಿದಾಗಲೂ ಒಂದೇ ಸಲ ನೋಡಿದ್ದರಂತೆ. ಅಳಿಯ ಪಾಸಾಗಿದ್ದ.

ಆ ವರ್ಷ ಬೇಸಿಗೆಯಲ್ಲಿ ಅಕ್ಕ ಒಂದು ನಿರ್ಧಾರ ಮಾಡಿಕೊಂಡು ಬಂದಳು. ಅಪ್ಪ ಅಮ್ಮ ಇಬ್ಬರೂ ತನ್ನ ಮನೆಗೆ ಬಂದುಬಿಡಬೇಕು. ಅವಳ ಮನೆ ನೆಲಮಟ್ಟದಲ್ಲಿ, ಮುಂದೆ ಅಂಗಳ, ಗಾಲಿಕುರ್ಚಿ ಬಾಗಿಲ ತನಕ ಹೋಗುತ್ತದೆ. ನಾಸಿಕದ ಮನೆ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಾಯಿಲೆ ಬಿದ್ದಾಗಿನಿಂದ ಮಾಮಾ ಮೆಟ್ಟಿಲು ಇಳಿದದ್ದು ಆಸ್ಪತ್ರೆಗೆ ಮಾತ್ರ. ಆದರೆ ಅದೇ ಕಟ್ಟಡದ ಸುತ್ತಮುತ್ತ ಅವರ ಜೊತೆ ಕೆಲಸ ಮಾಡಿದ ಕನ್ನಡದವರ ನಾಲ್ಕಾರು ಮನೆ ಇದ್ದವು. ಸಂಜೆ ಯಾರಾದರೊಬ್ಬರು ಬಂದು, ಎದುರು ಕೂತು, ಯಾವುದೋ ಹಳೆಯ ರಿಪೋರ್ಟಿನ ಜಗಳ ತೆಗೆಯುತ್ತಿದ್ದರು. ಮಾಮಾ ಆಯ್ತು, ಆಯ್ತು ಎನ್ನುತ್ತಾ ಕೆಂಪಾಗುತ್ತಿದ್ದರು. ಅದು ಅವರಿಗೆ ದಿನದ ಒಳ್ಳೆಯ ಹೊತ್ತು. ಅಕ್ಕನ ಊರಿನಲ್ಲಿ ಆ ಜನ ಇರುವುದಿಲ್ಲ. ಹೋದರೆ ಮತ್ತೆ ಈ ಮೆಟ್ಟಿಲು ಹತ್ತಿ ಬರುವ ಮಾತೂ ಇಲ್ಲ.

ಮಾಮಿಯನ್ನು ಕೇಳಿದರೆ, "ನಂದೇನದ. ಅವ್ರು ಹೂಂ ಅಂದ್ರ ಹೂಂ, ಇಲ್ಲಂದ್ರ ಇಲ್ಲ," ಎಂದರು. ಹಾಗೆ ಹೇಳುವಾಗ ಎಡಗೈಯಲ್ಲಿ ಪಾತ್ರೆ ಹಿಡಿದು ಚಹಾ ಸೋಸುತ್ತಿದ್ದರು. ಮಾಮಿ ಎಡಚರಲ್ಲ. ಇದನ್ನು ನಾನು ಆಗಲೇ ಗಮನಿಸಿದ್ದೆನೋ ಆಮೇಲೆ ನಡೆದದ್ದನ್ನು ತಿಳಿದುಕೊಂಡು ಈಗ ಸೇರಿಸುತ್ತಿದ್ದೇನೋ ಹೇಳಲಾರೆ.

"ಹಂಗಾದ್ರ ಅಪ್ಪನ್ನ ಕೇಳೂಣು," ಎಂದಳು ಅಕ್ಕ. "ಅಪ್ಪ ಒಮ್ಮೆ ಹೌದಂದ್ರ ಸಾಕು, ನಾ ಬರೂ ವಾರನ ಗಾಡಿ ಕರಸ್ತೀನಿ. ಇಲ್ಲಾ ಅಂದ್ರ ಮತ್ತ ಬಾಯಿ ತಗಿಯೂದಿಲ್ಲ."

"ಬಾಯಿಂದ ಕೇಳಿದ್ರ ಆಯ್ತು ಅಂತಾರ," ಎಂದೆ.

"ಅದಕ್ಕ ನಿನ್ನ ಡಬ್ಬಿ ಅದ ಅಲ್ಲ? ಅದರಾಗ ಕೇಳು. ಮೊದಲ ಚಹಾ ಕೇಳು, ಆಮ್ಯಾಲೆ ನಂದ ಕೇಳು. ಚಹಾ ಕೇಳೂ ತನಕ ಅಪ್ಪ ಯಾವ ಮಾತಿಗೂ ಲಕ್ಷ್ಯ ಕೊಡೂದಿಲ್ಲ."

ಭಾನುವಾರ ಮಧ್ಯಾಹ್ನ ಕೂತು ಬರೆದೆ. ಮೊದಲು ಪದಗಳ ಪಟ್ಟಿ ಬರುತ್ತದೆ, ಮಾಮಾ ಚಹಾ ಆರಿಸುತ್ತಾರೆ, ಚಹಾ ಮಿಂಚುತ್ತದೆ, ಅದು ಮುಗಿದ ಕೂಡಲೇ ಪರದೆ ಅಳಿಸಿ ಪ್ರಶ್ನೆ ಬರುತ್ತದೆ: ಮಗಳ ಮನೆಗೆ ಇರಲು ಹೋಗೋಣವೇ? ಕೆಳಗೆ ಎರಡು ಪದ, ಹೌದು, ಅಲ್ಲ. ಬಾಣ ಮೊದಲು ಹೌದಿನ ಮೇಲೆ. "ಏನೂ ಬೇಡ" ಎಂಬ ಪದ ಈ ಪರದೆಯಲ್ಲಿ ಇರಲಿಲ್ಲ. ಇಷ್ಟು ದೊಡ್ಡ ಪ್ರಶ್ನೆಗೆ ಅಂಥ ಉತ್ತರ ಇಡುವುದು ಸರಿ ಕಾಣಲಿಲ್ಲ.

ಮಾಮಾನನ್ನು ಕುರ್ಚಿಗೆ ತಂದು ಕೂರಿಸಿದವರು ಮಾಮಿ. ನಾನು ಕೈ ಹಚ್ಚಲು ಹೋದೆ. "ನೀ ಸರಿ, ನಿನಗ ಹಿಡಿಲಿಕ್ಕೆ ಬರೂದಿಲ್ಲ," ಎಂದರು. ಅಕ್ಕ ಒಂದು ಕಡೆ, ನಾನು ಒಂದು ಕಡೆ ನಿಂತೆವು. ಬಾಣ ಇಳಿಯಿತು. ಚಹಾದ ಮೇಲೆ ಬಂದಾಗ ಮಾಮಾ ಒತ್ತಿದರು. ಚಹಾ ಎಂದು ಮಿಂಚಿತು, ಕೀಂ ಕೀಂ ಎಂದಿತು. ಪರದೆ ಅಳಿಯಿತು. ಆ ಯಂತ್ರ ಪ್ರಶ್ನೆಯನ್ನು ಅಕ್ಷರ ಅಕ್ಷರವಾಗಿ ಕಾಣುವಷ್ಟು ನಿಧಾನವಾಗಿ ಬರೆಯಿತು. ಬರೆದು ಮುಗಿಸಿ, ಒಂದು ಕ್ಷಣವೂ ನಿಲ್ಲದೆ, ಹೌದು ಎಂದು ಮಿಂಚಿತು.

ಅಕ್ಕ ಬಾಯಿಗೆ ಸೆರಗು ಹಿಡಿದುಕೊಂಡಳು. ಅವಳು ಅಂದು ಸೀರೆ ಉಟ್ಟಿರಲಿಲ್ಲ ಎಂದು ಅವಳ ವಾದ. ಏನೋ ಒಂದನ್ನು ಹಿಡಿದುಕೊಂಡು ಅತ್ತಳು. ಮಾಮಿ ಗೋಡೆಗೆ ಒರಗಿದರು. ಮಾಮಾ "ಆಯ್ತು" ಎಂದರು.

ಅಕ್ಕ ಗಂಡನಿಗೆ ಫೋನ್ ಮಾಡಲು ಎದ್ದಾಗ ನಾನು, "ನಿಂದ್ರು," ಎಂದೆ.

"ಏನು?"

"ಅವ್ರು ಪ್ರಶ್ನಿ ಓದಿಲ್ಲ. ಓದೂದಕ್ಕಿಂತ ಮೊದಲ ಉತ್ತರ ಬಂತು. ಚಹಾಕ್ಕ ಒತ್ತಿದ ಬೆರಳು ಇನ್ನೂ ಮ್ಯಾಲೆ ಎದ್ದಿರಲಿಲ್ಲ. ಆ ಒತ್ತಿದ್ದು ಸಾಲಿನಾಗ ನಿಂತಿತ್ತು. ಪ್ರಶ್ನಿ ಬಂದ ಕೂಡಲೆ ಒಳಗ ಹೊಕ್ಕತು."

ಅಕ್ಕ ನನ್ನನ್ನು ದಿಟ್ಟಿಸಿದಳು. "ಅಂದ್ರ ಅಪ್ಪ ಚಹಾಕ್ಕ ಹೂಂ ಅಂದದ್ದು ನನ್ನ ಮನಿಗೆ ಬಂತು ಅಂತೀಯೇನು?"

"ಹೌದು."

"ನಿನಗ ನಿಮ್ಮಪ್ಪನ ಹೆಸರು ಹೇಳಿದ್ರೂ ಸಾಕ್ಷಿ ಬೇಕಲ್ಲೋ, ಶ್ಯಾಣ್ಯಾ."

"ಬೇಕಾಗಬಹುದು. ಇಲ್ಲಿ ಮಾತ್ರ ಖರೇನ ಬೇಕು."

"ಅಪ್ಪ ಓದಿದ್ರು. ನಾ ಅವರ ಕಣ್ಣು ನೋಡ್ಲಿಕ್ಕತ್ತಿದ್ದೆ, ನೀ ಡಬ್ಬಿ ನೋಡ್ಲಿಕ್ಕತ್ತಿದ್ದಿ. ಅಮ್ಮಾ, ನೀನ ಹೇಳು."

ಮಾಮಿ ಚಹಾ ತರಲು ಹೋದರು. ಚಹಾ ಕೇಳಿದ್ದಂತೂ ನಿಜವಿತ್ತು.

ಅವರು ಚಹಾ ಕುಡಿಸುವಷ್ಟರಲ್ಲಿ ನಾನು ಮೊದಲೇ ಬರೆಯಬೇಕಿದ್ದ ಆಜ್ಞೆಯ ಸಾಲನ್ನು ಬರೆದೆ. ಬಾಗಿಲಲ್ಲಿ ಕೀ ಕೂತಿರುವ ತನಕ ಒಂದೊಂದನ್ನೇ ಎತ್ತಿ ಆಚೆ ಎಸೆ. ಸಾಲು ಖಾಲಿಯಾದ ಮೇಲೆಯೇ ಪ್ರಶ್ನೆ ತೋರಿಸು. ಸಾಕ್ಷಿಗೆ ಇರಲಿ ಎಂದು, ಪ್ರತಿ ಒತ್ತಿನ ಬೆನ್ನಿಗೆ ಬಂದ ಎಷ್ಟನ್ನು ಅದು ಎಸೆಯಿತು ಎಂಬುದೂ ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿದೆ.

ಮತ್ತೆ ಕೇಳಿದೆವು. ಮಾಮಾ ಚಹಾದ ಮೇಲೆ ಒತ್ತಿದರು. ಬೆರಳು ಅಲ್ಲಿಯೇ ಉಳಿಯಿತು. ಚಹಾ ಮಿಂಚಿ ಮುಗಿದಾಗ ಮೂಲೆಯಲ್ಲಿ ಎರಡಂಕಿಯ ಸಂಖ್ಯೆ ಕಂಡಿತು. ಅಷ್ಟೂ ಒತ್ತುಗಳು ಹೌದಿಗಾಗಿ ಕಾದು ನಿಂತಿದ್ದವು. ನಾನು ಅದನ್ನು ಅಕ್ಕನಿಗೆ ತೋರಿಸಿದೆ. ಅವಳು ನೋಡಲಿಲ್ಲ. ಮಾಮಿ ಬಂದು ಅವರ ಬೆರಳನ್ನು ಎತ್ತಿ ಇಟ್ಟರು. ಪ್ರಶ್ನೆ ಬಂತು. ಬಾಣ ಹೌದಿನ ಮೇಲೆ ನಿಂತಿತು, ಅಲ್ಲಕ್ಕೆ ಹೋಯಿತು, ಹೌದಿಗೆ ಬಂತು, ಅಲ್ಲಕ್ಕೆ ಹೋಯಿತು. ಮಾಮಾ ಪ್ರಶ್ನೆಯನ್ನು ಓದಿದರು. ಈ ಸಲ ಓದಿದ್ದನ್ನು ನಾನೂ ಕಂಡೆ. ಓದಿ, ಕೈಯನ್ನು ಕೀಬೋರ್ಡಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಬಾಣ ಓಡಾಡುತ್ತಲೇ ಇತ್ತು. ಕೆಳಗೆ ರಸ್ತೆಯಲ್ಲಿ ಈರುಳ್ಳಿಯ ಟ್ರ್ಯಾಕ್ಟರ್ ಒಂದು ಬಹಳ ಹೊತ್ತು ಹಾರ್ನ್ ಹೊಡೆಯಿತು.

"ನೋಡಿದೇನು? ಮನಸ್ಸಿಲ್ಲ ಅವ್ರಿಗೆ," ಎಂದೆ.

"ಮನಸ್ಸಿಲ್ಲದಿದ್ರ ಅಲ್ಲ ಅಂತ ಒತ್ತತಿದ್ರು. ಒಮ್ಮೆ ಹೇಳಿ ಆಗೇದ, ಅದಕ್ಕ ಸುಮ್ಮನ ಕೂತಾರ."

ನಾವಿಬ್ಬರೂ ಮಾಮಿಯನ್ನು ನೋಡಿದೆವು.

"ಎರಡನೇ ಸಲ ಅವ್ರು ಸಿಕ್ಕಾ ಹೊಡಿಯೂದಿಲ್ಲ," ಎಂದರು ಮಾಮಿ. "ಸಾರಿಗೇ ಹೊಡೀಲಿಲ್ಲ, ಇದಕ್ಕ ಹೊಡೀತಾರೇನು."

ಇದರಿಂದ ಯಾರ ವಾದವೂ ಗೆಲ್ಲಲಿಲ್ಲ. ಮಾಮಾ ಮೊದಲನೇ ಸಲ ನಿಜವಾಗಿ ಹೌದೆಂದಿದ್ದರೆ ಈಗ ಸುಮ್ಮನಿರುತ್ತಿದ್ದರು. ಚಹಾದ ಬೆರಳು ತನ್ನಷ್ಟಕ್ಕೆ ಹೌದೆಂದದ್ದನ್ನು ಕಂಡು, ತಮ್ಮ ಹೆಸರಿನಲ್ಲಿ ಬಿದ್ದ ಸಿಕ್ಕಾ ಬಿದ್ದಹಾಗೆಯೇ ಇರಲಿ ಎಂದುಕೊಂಡಿದ್ದರೂ ಸುಮ್ಮನಿರುತ್ತಿದ್ದರು. ಹೋಗಲು ಮನಸ್ಸಿಲ್ಲದೆ, ಮಗಳ ಮುಖದ ಮೇಲೆ ಅಲ್ಲ ಎನ್ನಲೂ ಆಗದಿದ್ದರೆ ಆಗಲೂ ಸುಮ್ಮನೆಯೇ. ಒಂದೇ ಮೌನ, ಮೂರು ಕಾರಣ. ವಿಶ್ವವಿದ್ಯಾಲಯದಲ್ಲಿ ಇಂಥದ್ದಕ್ಕೆ ಪ್ರಯೋಗ ಮತ್ತೆ ಮಾಡಿ ಎನ್ನುತ್ತಾರೆ. ಇಲ್ಲಿ ಮತ್ತೆ ಮಾಡುವುದೇ ನಿಷಿದ್ಧವಾಗಿತ್ತು.

ನಾನು ಯಂತ್ರ ಆರಿಸಲು ಹೋದಾಗ ಮಾಮಿ ತಡೆದರು.

"ಬ್ಯಾರೆ ತುಂಡು ಇಟ್ರ ನೋಡ್ತಾರ," ಎಂದರು. "ಆ ಪ್ರಶ್ನಿ ತಗದು ಹಾಕು."

"ಏನಂತ ಬರೀಲಿ?"

"ಏನೂ ಬರೀಬ್ಯಾಡ. ಹೌದು, ಅಲ್ಲ, ಎರಡ ಇರ್ಲಿ. ನಾ ಕೇಳ್ತೀನಿ."

ಪ್ರಶ್ನೆಯನ್ನು ಅಳಿಸಿದೆ. ಬಾಣ ಈ ಸಲ ಅಲ್ಲದ ಮೇಲಿನಿಂದ ಶುರುವಾಗುವಂತೆ ಮಾಡಿದೆ. ನಾನು ಮಾಡಬಹುದಾದದ್ದು ಅಷ್ಟೆ. ಮಾಮಿ ಒಂದು ಸ್ಟೂಲು ಎಳೆದುಕೊಂಡು ಮಾಮಾನ ಎಡಮಗ್ಗುಲಿಗೆ ಕೂತರು. ಪರದೆಯನ್ನು ನೋಡಲೇ ಇಲ್ಲ.

"ರೀ," ಎಂದರು. "ನಿಮ್ಮನ್ನ ಎತ್ತಿ ಕೂಡಸ್ಲಿಕ್ಕೆ ನನಗ ಆಗವಲ್ದು. ಬಲಗೈ ಹೆಗಲಿನಿಂದ ಹಿಡದು ಕೆಲಸ ಮಾಡವಲ್ದು. ದೀಪಾವಳಿ ಆದ ಮ್ಯಾಲಿಂದ ಹಿಂಗ ಅದ. ಇವ್ರ್ಯಾರಿಗೂ ಹೇಳಿಲ್ಲ. ಇಲ್ಲೇ ಇದ್ರ ಒಂದಿನ ನಿಮ್ಮನ್ನ ಕೆಡವತೀನಿ. ಮಗಳ ಮನ್ಯಾಗ ಮಂದಿ ಇದಾರ. ನನ್ನ ಸಂಬಂಧ ಬರ್ತೀರೇನ್ರೀ?"

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಮಾಮಿ ಅವಳ ಕಡೆ ನೋಡದೆಯೇ ಕೈ ಎತ್ತಿ ತಡೆದರು, ಎಡಗೈ.

ಮಾಮಾ ಅವರ ಹೆಗಲನ್ನು ನೋಡಿದರು. ಬಹಳ ಹೊತ್ತು ನೋಡಿದರು, ಕೊಳವೆಯೊಂದನ್ನು ಬೆಳಕಿಗೆ ಹಿಡಿದು ನೋಡುವಂತೆ. ಬಾಣ ಅಲ್ಲ, ಹೌದು, ಅಲ್ಲ ಎಂದು ಓಡಾಡಿತು. ಆಮೇಲೆ ಪರದೆಯ ಕಡೆ ತಿರುಗಿ, ಬಾಣ ಒಂದು ಸುತ್ತು ಹೋಗಿ ಬರುವುದನ್ನು ಕಾದು, ಅದು ಹೌದಿನ ಮೇಲೆ ಬಂದಾಗ ಸ್ಪೇಸ್‌ಬಾರ್ ಒತ್ತಿದರು. ಹೌದು ಎಂದು ಮಿಂಚಿತು. ನಾನು ಮೂಲೆಯ ಸಂಖ್ಯೆ ನೋಡಿದೆ. ಎಸೆದದ್ದು ಸೊನ್ನೆ. ಕಾದು ನಿಂತ ಒತ್ತು ಒಂದೂ ಇರಲಿಲ್ಲ.

"ಈಗ ಫೋನ್ ಮಾಡ್ಲೇನು?" ಎಂದು ಅಕ್ಕ ನನ್ನನ್ನು ಕೇಳಿದಳು.

"ಮಾಡು," ಎಂದೆ.

ಹೊರಟ ದಿನ ಅವರ ಹಳೆಯ ಜೊತೆಗಾರರು ಮಾಮಾನನ್ನು ಕುರ್ಚಿಸಮೇತ ಎತ್ತಿ ಎರಡು ಮಹಡಿ ಇಳಿಸಿದರು. ಇಳಿಸುವಾಗಲೂ ಯಾವ ಕೋನದಲ್ಲಿ ತಿರುಗಿಸಬೇಕು ಎಂದು ಜಗಳವಾಡಿದರು. ಮಾಮಾ ಆಯ್ತು ಎನ್ನುತ್ತಾ ಕೆಂಪಾದರು. ಕಂಪ್ಯೂಟರ್ ಡಿಕ್ಕಿಯಲ್ಲಿ ಹಾಸಿಗೆಯ ಮೇಲೆ ಪ್ರಯಾಣ ಮಾಡಿತು. ದಾರಿಯಲ್ಲಿ ಗಂಗಾಪುರ ಎಂಬ ಊರಲ್ಲಿ ಗಾಡಿ ನಿಲ್ಲಿಸಿ ಚಹಾ ತರಲು ಇಳಿದೆ. ಮಾಮಾನಿಗೆ ಬೇಕೇ ಎಂದು ತಿಳಿಯುವ ಸಾಧನ ಡಿಕ್ಕಿಯಲ್ಲಿತ್ತು. ಮಾಮಿಯನ್ನು ನೋಡಿದೆ. "ತಗೊಂಡ ಬಾ, ಅದಕ್ಕೇನು ಕೇಳ್ತಿ," ಎಂದರು.

ಅಕ್ಕನ ಮನೆಯಲ್ಲಿ ಆ ಯಂತ್ರ ಇನ್ನೂ ಕೆಲವು ವರ್ಷ ನಡೆಯಿತು. ಮಾಮಾ ಅದರಲ್ಲಿ ಚಹಾ ಕೇಳಿದರು, ಪೇಪರ್ ಕೇಳಿದರು, ಅಳಿಯನ ಟಿ.ವಿ. ಆರಿಸಿದರು. ಅಂಗಳದಲ್ಲಿ ಕೂರುತ್ತಿದ್ದರು. ಅಲ್ಲಿ ಅವರಿಗೆ ಹಿಡಿಸಿತೇ ಎಂದು ಯಾರೂ ಯಂತ್ರದಲ್ಲಿ ಬರೆದು ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಹೋದ ಮೇಲೆ ಅದು ಮಾಳಿಗೆಗೆ ಹೋಯಿತು. ಈಚೆಗೆ ಸಂಭಾಜಿನಗರಕ್ಕೆ ಹೋದಾಗ ಫ್ಲಾಪಿಗಳನ್ನು ತೆಗೆದು ನೋಡಿದೆ. ಬೂಸ್ಟು ಹಿಡಿದಿದ್ದವು. ಆ ಸಂಖ್ಯೆ ತೋರಿಸುವ ಸಾಲು ಪ್ರೋಗ್ರಾಮಿನಲ್ಲಿ ಇತ್ತೋ, ನಾನು ಆಮೇಲೆ ಕಲ್ಪಿಸಿಕೊಂಡೆನೋ, ಓದಿ ತಿಳಿಯುವ ದಾರಿ ಇಲ್ಲ.

ಅಕ್ಕ ಅಂಥ ಸಂಖ್ಯೆಯನ್ನೇ ಕಂಡಿಲ್ಲ ಎನ್ನುತ್ತಾಳೆ. ಮೊದಲನೇ ಹೌದೇ ಖರೆ ಹೌದು, ಮಿಕ್ಕದ್ದೆಲ್ಲ ನನ್ನ ಶ್ಯಾಣ್ಯಾತನ ಎಂಬ ಮಾತನ್ನು ಅವಳು ಇವತ್ತಿಗೂ ಬಿಟ್ಟಿಲ್ಲ. ಈಚಿನ ಆ ಭೇಟಿಯಲ್ಲಿ ನಾವು ಅದನ್ನೇ ಎಳೆದಾಡುತ್ತಿದ್ದಾಗ ಮಾಮಿ ಒಳಗಿನಿಂದ ಬಂದರು. ಹೆಗಲು ಪೂರ್ತಿ ಸರಿಹೋಗಿಲ್ಲ. ಈಗಲೂ ಲೋಟ ಎಡಗೈಯಲ್ಲಿಯೇ ಹಿಡಿಯುತ್ತಾರೆ.

"ಸೊನ್ನಿ ಇತ್ತು ಅಂತ ನಿನಗ ನೆನಪದ ಏನು?" ಎಂದು ಕೇಳಿದರು.

"ಅದ. ಆದ್ರ ನನ್ನ ನೆನಪಿನ ಮ್ಯಾಲೆ ನನಗ ನಂಬಿಕಿ ಇಲ್ಲ."

"ನನಗ ಸೊನ್ನಿ ಗಿನ್ನಿ ಗೊತ್ತಿಲ್ಲ," ಎಂದರು ಮಾಮಿ. "ಅವತ್ತ ಒತ್ತಿದ ಮ್ಯಾಲೆ ಬೆರಳು ತಾವ ಎತ್ತಿದ್ರು. ಯಾರೂ ಹೇಳಿದ್ದಿಲ್ಲ. ನಾ ಬಾಜೂಕ ಕೂತಿದ್ದೆ."